ಮಗನಿಗೆ ಕೌನ್ಸೆಲಿಂಗ್ ಅಂದರೆ ಮನೆಯವರೆಲ್ಲ ಯಾಕೆ ಹೋಗಬೇಕು? (ತುಮಕೂರು)

ಎಸ್‌ಎಸ್ ಪುರಂ ಅಮ್ಮ:

ತುಮಕೂರು ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಮಗ ಮೊದಲನೇ ಪಿಯುಸಿ, ಸೈನ್ಸ್. ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿಯೇ ಅಂಕ ಬಂದಿತ್ತು. ದಸರಾ ರಜೆ ಮುಗಿದ ಮೇಲೆ ಕಾಲೇಜೇ ಬೇಡ ಅನ್ನುತ್ತಿದ್ದಾನೆ. ಬೆಳಿಗ್ಗೆ ಎದ್ದ ತಕ್ಷಣ ಹೊಟ್ಟೆನೋವು, ಹನ್ನೊಂದು ಗಂಟೆ ಹೊತ್ತಿಗೆ ಮಾಯ. ಭಾನುವಾರ ಇರುವುದೇ ಇಲ್ಲ. ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇಲ್ಲ ಅಂದರು. ಅತ್ತೆ ದೃಷ್ಟಿ ತೆಗೆದರು, ದೇವರಾಯನದುರ್ಗಕ್ಕೆ ಹರಕೆ ಹೊತ್ತರು. ರಾತ್ರಿ ಎರಡು ಗಂಟೆಯಾದರೂ ಅವನ ರೂಮಿನಲ್ಲಿ ಮೊಬೈಲ್ ಬೆಳಕು ಕಾಣುತ್ತದೆ.

ಕೊನೆಗೆ ಒಬ್ಬರು ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೊದಲು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಕರೆದು ಏನೇನೋ ಕೇಳಿದರು. ಬೆಳಿಗ್ಗೆ ಅವನನ್ನು ಎಬ್ಬಿಸುವವರು ಯಾರು, ರಾತ್ರಿ ಊಟಕ್ಕೆ ಯಾರ್ಯಾರು ಒಟ್ಟಿಗೆ ಕೂರುತ್ತೀರಿ, ಮನೆ ಸಾಲ ಇದೆಯಾ, ನನಗೆ ನಿದ್ದೆ ಬರುತ್ತಾ ಅಂತ. ನಿದ್ದೆ ಬರದಿರುವುದು ಅವನಿಗೆ, ನನ್ನನ್ನು ಯಾಕೆ ಕೇಳುತ್ತಾರೆ ಅನಿಸಿತು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ ಅಂತ ಡಾಕ್ಟರಿಗೆ ಚೀಟಿ ಕೊಟ್ಟರು. ಮುಂದಿನ ಸಲ ನಮ್ಮ ಯಜಮಾನರು, ಅತ್ತೆ, ಚಿಕ್ಕ ಮಗಳು ಎಲ್ಲರೂ ಬರಬೇಕಂತೆ.

ಯಜಮಾನರು ಪೀಣ್ಯದಲ್ಲಿ ಕೆಲಸ. ಬೆಳಿಗ್ಗೆ ಟ್ರೇನಿಗೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. 'ಕಾಲೇಜಿಗೆ ಹೋಗದಿರುವುದು ಅವನು, ನಾನ್ಯಾಕೆ ಒಂದು ದಿನದ ಸಂಬಳ ಕಳೆದುಕೊಳ್ಳಲಿ' ಅನ್ನುತ್ತಾರೆ. ಅತ್ತೆ 'ನನಗೇನು ಹುಚ್ಚಾ' ಅಂದರು. ಇನ್ನೊಂದು ವಿಷಯ, ಮಗ ಏನು ಹೇಳಿದ ಅಂತ ಕೇಳಿದರೆ ಮೇಡಂ ಹೇಳಲಿಲ್ಲ. ಹೆತ್ತವಳಿಗೇ ಹೇಳಲ್ಲ ಅಂದರೆ ಹೇಗೆ? ಒಂದು ಸಲಕ್ಕೆ 800 ರೂಪಾಯಿ ಬೇರೆ. ಇದೆಲ್ಲ ಸರಿಯಾದ ಪದ್ಧತಿನಾ, ಅಥವಾ ಸುಮ್ನೆ ಎಳೆಯುತ್ತಿದ್ದಾರಾ?

ತಿಪಟೂರು ತೆಂಗು:

ಅಕ್ಕ, ಹೋಗಿ. ನಮ್ಮ ಅಕ್ಕನ ಮನೆಯಲ್ಲಿ ಇದೇ ಥರ ಆಗಿತ್ತು. ಅವರ ಮಗಳಿಗೆ ತಲೆನೋವು. ಕನ್ನಡಕ ಬದಲಾಯಿಸಿ ಆಯಿತು, ಸ್ಕ್ಯಾನ್ ಆಯಿತು, ಕೊನೆಗೆ ಕೌನ್ಸೆಲಿಂಗ್. ಮನೆಯವರೆಲ್ಲ ಕೂತಾಗ ನಾನೂ ಇದ್ದೆ, ಯಾಕೆಂದರೆ ನಾನೂ ಅದೇ ಮನೆಯಲ್ಲಿ ಇದ್ದೆ.

ಕೌನ್ಸೆಲರ್ ಆಯಪ್ಪ ಒಂದು ಬಿಳಿ ಹಾಳೆ ತೆಗೆದುಕೊಂಡು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತಾ ಮೂರು ತಲೆಮಾರು ಬರೆದರು. ಯಾರಿಗೆ ಯಾರ ಜೊತೆ ಹೊಂದಿಕೆ, ಯಾರಿಗೆ ಯಾರ ಜೊತೆ ಮಾತಿಲ್ಲ ಅಂತ ಗೆರೆ ಎಳೆದರು. ಜಗಳ ಇದ್ದ ಕಡೆ ಗೆರೆ ಅಂಕುಡೊಂಕು. ಆಮೇಲೆ ಹುಡುಗಿಯನ್ನು ಕೇಳಿದರು, 'ಅಪ್ಪ ರೇಗಿದಾಗ ಅಜ್ಜಿ ಏನು ಮಾಡುತ್ತಾರೆ?' ಅವಳು ಥಟ್ ಅಂತ 'ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ' ಅಂದಳು. ಎಲ್ಲರೂ ನಕ್ಕೆವು. 'ಆಗ ನೀನು?' ಅಂದರು. 'ನನಗೆ ತಲೆನೋವು ಬರುತ್ತೆ, ಆಗ ಅಪ್ಪ ಸುಮ್ನಾಗ್ತಾರೆ' ಅಂದಳು. ಆಮೇಲೆ ಯಾರೂ ನಗಲಿಲ್ಲ.

ಆ ವರ್ಷ ಕೊಬ್ಬರಿ ರೇಟು ಬಿದ್ದು ಮನೆಯಲ್ಲಿ ದಿನಾ ಸಾಲದ ಮಾತು. ಮಕ್ಕಳಿಗೆ ಏನೂ ಗೊತ್ತಾಗಲ್ಲ ಅಂದುಕೊಂಡಿದ್ದೆವು. ಅವಳಿಗೆ ಸೊಸೈಟಿ ಸಾಲದ ಕಂತು ಯಾವ ತಿಂಗಳು ಅನ್ನುವುದೂ ಗೊತ್ತಿತ್ತು. ಅದನ್ನು ಬಿಟ್ಟು ಅವಳೊಬ್ಬಳನ್ನೇ ರಿಪೇರಿ ಮಾಡಿ ಕಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಈಗಲೂ ಭಾವ ರೇಗುತ್ತಾರೆ, ಅದು ಹೋಗಲ್ಲ ಬಿಡಿ. ಆದರೆ ದುಡ್ಡಿನ ಮಾತು ಅಂಗಳದಲ್ಲಿ ಆಡುತ್ತಾರೆ.

ಸುಮ್ನೆ ಓದೋನು:

ಚಿಕ್ಕಬಳ್ಳಾಪುರದಿಂದ. ಮೇಲಿನವರ ಮಾತು ಸರಿ, ಆದರೆ ಕಣ್ಣು ಮುಚ್ಚಿಕೊಂಡು ಹೋಗಬೇಡಿ. ಈಗ ಎಲ್ಲ ಊರಿನಲ್ಲೂ 'ಸಮಗ್ರ ಚಿಕಿತ್ಸೆ', 'ಹೋಲಿಸ್ಟಿಕ್ ವೆಲ್‌ನೆಸ್' ಅಂತ ಬೋರ್ಡು. ಒಳಗೆ ಹೋದರೆ ಹೂವಿನ ಔಷಧ, ಚಕ್ರ ಶುದ್ಧಿ, ಹಿಂದಿನ ಜನ್ಮ. ನನ್ನ ತಂಗಿ ಮಗನಿಗೆ ಒಂದು ಕಡೆ ಹತ್ತು ಬೆರಳಿನ ಗುರುತು ತೆಗೆದುಕೊಂಡು, ಅವನ ಬುದ್ಧಿ ಎಂಥದು ಅಂತ ಬಣ್ಣಬಣ್ಣದ ರಿಪೋರ್ಟ್ ಕೊಟ್ಟು ಸಾವಿರಾರು ರೂಪಾಯಿ ಕಿತ್ತರು. ಅದಕ್ಕೆ ವಿಜ್ಞಾನದ ಆಧಾರ ಏನೂ ಇಲ್ಲ. ಬ್ಯಾಚ್ ಅನ್ನುವ ಹೆಸರಿನ ಹೂವಿನ ಔಷಧವನ್ನೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾಗ, ಬರೀ ನೀರು ಕೊಟ್ಟು ನಂಬಿಸಿದ್ದಕ್ಕಿಂತ ಹೆಚ್ಚೇನೂ ಸಿಕ್ಕಿಲ್ಲ.

ನಿಮ್ಮ ಮೇಡಂ ರಕ್ತ ಪರೀಕ್ಷೆಗೆ ಡಾಕ್ಟರ್ ಹತ್ತಿರ ಕಳಿಸಿದರಲ್ಲ, ಅದು ಒಳ್ಳೆ ಲಕ್ಷಣ. ಮೋಸ ಮಾಡುವವನು ಬೇರೆಯವರ ಹತ್ತಿರ ಕಳಿಸುವುದೇ ಇಲ್ಲ. ಆದರೂ ಓದಿದ್ದು ಏನು ಅಂತ ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಯಾಕೆ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡಿದ್ದರೆ ಆರ್‌ಸಿಐ ನೋಂದಣಿ ಇರಲೇಬೇಕು, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನದು. ಅವರ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಬರೀ 'ಕೌನ್ಸೆಲರ್' ಅಂದರೆ ಎಂಎಸ್ಸಿ ಸೈಕಾಲಜಿ ಮಾಡಿದವರೂ ಇರುತ್ತಾರೆ, ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ತೆಗೆದುಕೊಂಡವರೂ ಇರುತ್ತಾರೆ. ಮಾತ್ರೆ ಬರೆಯುವ ಅಧಿಕಾರ ಇವರ್ಯಾರಿಗೂ ಇಲ್ಲ, ಅದು ಡಾಕ್ಟರದು. ಹತ್ತು ಸೆಷನ್ನಿನ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಿ ಅಂದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.

ಕೋಲಾರದ ಸೋಶಿಯಲ್ ವರ್ಕರ್:

ನಾನು ಕೋಲಾರ ಜಿಲ್ಲೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಹುಡುಗನನ್ನು ನೋಡದೆ ಇದೇ ಕಾರಣ ಅಂತ ಹೇಳಲಾರೆ. ಆದರೆ ನೀವು ಬರೆದದ್ದನ್ನು ನೋಡಿದರೆ ಆ ಮೇಡಂ ಮಾಡುತ್ತಿರುವುದು ಸರಿಯಾದ ಕೆಲಸವೇ.

ಹೊಟ್ಟೆನೋವು ನಾಟಕ ಅಲ್ಲ. ಇದನ್ನು ಮೊದಲು ಅವನ ಅಪ್ಪನಿಗೆ ಹೇಳಿ. ಆತಂಕವಾದಾಗ ಕರುಳಿಗೂ ತಟ್ಟುತ್ತದೆ, ನೋವು ನಿಜವಾಗಿಯೂ ಬರುತ್ತದೆ. ಇವತ್ತು ಹೋಗಬೇಡ ಬಿಡು ಅಂದ ತಕ್ಷಣ ಆತಂಕ ಇಳಿಯುತ್ತದೆ, ನೋವೂ ಇಳಿಯುತ್ತದೆ. ಹಾಗೆ ಇಳಿಯುವುದೇ ತೊಂದರೆ, ಯಾಕೆಂದರೆ ಮನೆಯಲ್ಲಿ ಉಳಿದರೆ ಆರಾಮ ಅಂತ ದೇಹ ಕಲಿತುಬಿಡುತ್ತದೆ, ಮರುದಿನ ಗೇಟು ಇನ್ನೂ ಎತ್ತರ ಕಾಣುತ್ತದೆ. ಮೇಲಿಂದ ರಾತ್ರಿ ಎರಡರವರೆಗೆ ಎಚ್ಚರ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದರ ಅರ್ಧದಷ್ಟೇ ನಿದ್ದೆಯಾಗಿ ಏಳು ಗಂಟೆಗೆ ಎಬ್ಬಿಸಿದರೆ ಯಾರಿಗೆ ತಾನೇ ಹೊಟ್ಟೆ ತೊಳಸಲ್ಲ? ಥೈರಾಯ್ಡ್ ಕಡಿಮೆಯಿದ್ದರೆ, ಬಿ12 ಅಥವಾ ರಕ್ತ ಕಡಿಮೆಯಿದ್ದರೆ ಸುಸ್ತು, ಮಂಕು, ಬೇಜಾರು ಎಲ್ಲ ಬರುತ್ತದೆ. ಅದನ್ನು ನೋಡದೆ ತಿಂಗಳುಗಟ್ಟಲೆ ಮಾತಾಡಿಸುವುದು ವ್ಯರ್ಥ. ಸಸ್ಯಾಹಾರಿಗಳಾಗಿದ್ದರೆ ಬಿ12 ಖಂಡಿತ ನೋಡಿಸಿ.

ಇನ್ನು ಮನೆಯವರೆಲ್ಲ ಯಾಕೆ ಅನ್ನುವುದು. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ಯೋಚನೆ ಮಾಡಿ. ನೀವು ಎಬ್ಬಿಸುತ್ತೀರಿ. ಅಜ್ಜಿ 'ಪಾಪ, ಮಲಗಲಿ ಬಿಡೇ' ಅನ್ನುತ್ತಾರೆ. ರಾತ್ರಿ ಅಪ್ಪ ಬಂದು 'ಇವತ್ತೂ ಹೋಗಿಲ್ವಾ' ಅಂತ ಅವನಿಗಿಂತ ಮೊದಲು ನಿಮ್ಮನ್ನೇ ಕೇಳುತ್ತಾರೆ. ನಾನು ಊಹಿಸುತ್ತಿದ್ದೇನೆ, ತಪ್ಪಿದ್ದರೆ ಹೇಳಿ. ಮರ್ರೆ ಬೋವೆನ್ ಅನ್ನುವ ಅಮೆರಿಕದ ಮನೋವೈದ್ಯರು ಇದನ್ನು ತ್ರಿಕೋನ ಅಂತ ಕರೆದರು. ಇಬ್ಬರ ನಡುವೆ ಬಿಗಿ ಜಾಸ್ತಿಯಾದಾಗ ಮೂರನೆಯವರು ಒಳಗೆ ಎಳೆಯಲ್ಪಡುತ್ತಾರೆ, ಬಹಳ ಸಲ ಅದು ಮಗುವೇ ಆಗಿರುತ್ತದೆ. ತಿಪಟೂರಿನವರು ಹೇಳಿದ ತಲೆನೋವು ಅದಕ್ಕೆ ಸರಿಯಾದ ಉದಾಹರಣೆ.

ಇದು ಬರೀ ಹೊರದೇಶದ ಲೆಕ್ಕಾಚಾರ ಅಂದುಕೊಳ್ಳಬೇಡಿ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಳ್ಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೇ ಅಂತ ಪ್ರತ್ಯೇಕ ವಿಭಾಗ ಇದೆ. ದೇಹ, ಮನಸ್ಸು, ಸುತ್ತಲಿನ ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಅಂತ ಜಾರ್ಜ್ ಎಂಗೆಲ್ 1977ರಲ್ಲಿ ಬರೆದರು, ನಮ್ಮ ಪಾಠ ಶುರುವಾಗುವುದೇ ಅಲ್ಲಿಂದ. ಅಂದರೆ ಸಾಲದ ಬಗ್ಗೆ, ನಿಮ್ಮ ನಿದ್ದೆ ಬಗ್ಗೆ ಕೇಳಿದ್ದು ಕುತೂಹಲಕ್ಕಲ್ಲ. ನಿಮಗೇ ನಿದ್ದೆ ಇಲ್ಲದಿದ್ದರೆ ಬೆಳಿಗ್ಗೆ ನೀವು ಅವನನ್ನು ಯಾವ ದನಿಯಲ್ಲಿ ಎಬ್ಬಿಸುತ್ತೀರಿ, ಹೇಳಿ?

ಅವನು ಹೇಳಿದ್ದನ್ನು ನಿಮಗೆ ಹೇಳದಿರುವುದು. ಗುಟ್ಟು ಕಾಯುವುದು ನಮ್ಮ ಕೆಲಸದ ಮೊದಲ ನಿಯಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೋಪ್ಯತೆಯ ಹಕ್ಕು ಇದೆ. ಇವತ್ತು ನಿಮಗೆ ಹೇಳಿದರೆ ನಾಳೆಯಿಂದ ಅವನು ಬಾಯಿ ಬಿಡಲ್ಲ. ಆದರೆ ಜೀವಕ್ಕೆ ಅಪಾಯ ಇದೆ ಅನಿಸಿದರೆ ಅವರು ನಿಮಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾವುದನ್ನು ಹೇಳುತ್ತೀರಿ, ಯಾವುದನ್ನು ಹೇಳಲ್ಲ ಅಂತ ನೀವೇ ಕೇಳಿ, ಒಳ್ಳೆಯವರು ಮೊದಲ ದಿನವೇ ವಿವರಿಸುತ್ತಾರೆ. ಕಾಲೇಜಿನಲ್ಲಿ ಯಾರಾದರೂ ರೇಗಿಸುತ್ತಾರಾ, ಸೈನ್ಸ್ ಅವನೇ ಆರಿಸಿಕೊಂಡಿದ್ದಾ ಅಂತಲೂ ಯಾರಾದರೂ ಅವನನ್ನು ಕೇಳಿರಬೇಕು.

ಒಂದು ಮಾತ್ರ ಕಾಯಬೇಡಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಊಟ ಪೂರ್ತಿ ಬಿಟ್ಟರೆ ಅಪಾಯಿಂಟ್‌ಮೆಂಟ್ ನೋಡಿಕೊಂಡು ಕೂರಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಹೋಗಿ.

ಚಿಂತಾಮಣಿ ಹುಡುಗಿ:

ಎಲ್ಲರೂ ಒಟ್ಟಿಗೆ ಕೂತರೆ ಎಲ್ಲ ಸರಿಯಾಗುತ್ತೆ ಅನ್ನುವ ಹಾಗೆ ಬರೆಯುತ್ತಿದ್ದೀರಿ, ನನಗೆ ಅಷ್ಟು ಸಲೀಸಾಗಿ ಕಾಣುತ್ತಿಲ್ಲ. ನನ್ನ ಮದುವೆಯ ವಿಷಯದಲ್ಲಿ ಒಬ್ಬರು 'ಫ್ಯಾಮಿಲಿ ಕೌನ್ಸೆಲಿಂಗ್' ಅಂತ ನಮ್ಮ ಅತ್ತೆ ಮಾವನ ಎದುರಿಗೇ ನನ್ನನ್ನು ಕೂರಿಸಿ, ಏನು ತೊಂದರೆ ಹೇಳಮ್ಮ ಅಂದರು. ಹೊಡೆಯುವವನು ಪಕ್ಕದಲ್ಲೇ ಕೂತಿದ್ದಾನೆ, ಏನು ಹೇಳಲಿ? ಕೊನೆಗೆ ಎಲ್ಲರೂ ಸೇರಿ 'ಅಡ್ಜಸ್ಟ್ ಮಾಡಿಕೊಂಡು ಹೋಗಮ್ಮ' ಅಂದರು. ಅಲ್ಲಿ ಬಾಯಿ ಬಿಟ್ಟ ಅಷ್ಟಿಷ್ಟಕ್ಕೂ ಮನೆಗೆ ಬಂದ ಮೇಲೆ ಲೆಕ್ಕ ತೀರಿಸಿದರು.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಯಾರಿಗಾದರೂ ಯಾರದಾದರೂ ಭಯ ಇದ್ದರೆ ಒಟ್ಟಿಗೆ ಕೂರುವುದು ಬೇಡ. ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಬೇಕು. ಅಕ್ಕ, ನಿಮ್ಮ ಮನೆ ಹಾಗೆ ಅಂತ ಹೇಳುತ್ತಿಲ್ಲ. ಓದುವವರಲ್ಲಿ ಯಾರಾದರೂ ಇದ್ದರೆ 181 ಮಹಿಳಾ ಸಹಾಯವಾಣಿ ಇದೆ, ತುರ್ತಿಗೆ 112.

ಕೋಲಾರದ ಸೋಶಿಯಲ್ ವರ್ಕರ್:

ನೂರಕ್ಕೆ ನೂರು ಒಪ್ಪುತ್ತೇನೆ. ಅದು ಕೌನ್ಸೆಲಿಂಗ್ ಅಲ್ಲ, ಪಂಚಾಯ್ತಿ. ಕುಟುಂಬವನ್ನು ಉಳಿಸುವುದೇ ಗುರಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೂರುವವರು ಯಾರ ಪರವೂ ನಿಜವಾಗಿ ಕೇಳುವುದಿಲ್ಲ. ಇಲ್ಲಿ ಆ ಮೇಡಂ ಹುಡುಗನನ್ನು, ಅಮ್ಮನನ್ನು ಬೇರೆ ಬೇರೆ ಕೂರಿಸಿ ಕೇಳಿದ ಮೇಲೆ ಎಲ್ಲರನ್ನೂ ಕರೆದಿದ್ದಾರೆ. ಆ ಕ್ರಮ ಮುಖ್ಯ.

ಟಮೋಟೊ ಮಂಡಿ:

ನಾನೂ ಒಬ್ಬ ಅಪ್ಪ, ಆದ್ದರಿಂದ ಅಪ್ಪನ ಕಡೆಯಿಂದ ಹೇಳುತ್ತೇನೆ. ನಮ್ಮದು ಕೋಲಾರ, ಎಪಿಎಂಸಿಯಲ್ಲಿ ವ್ಯಾಪಾರ. ಹರಾಜಿನ ಸೀಸನ್ನಿನಲ್ಲಿ ಮನೆಯವರ ಮುಖ ನೋಡಿರಲ್ಲ. ಮಗಳು ಊಟ ಬಿಟ್ಟಿದ್ದಳು. ನನ್ನನ್ನು ಕರೆದಾಗ ನನಗೂ ಸಿಟ್ಟು ಬಂದಿತ್ತು, ದುಡಿಯುವುದು ಯಾರಿಗೋಸ್ಕರ ಅಂತ. ಅಲ್ಲಿ ಬೈಯುತ್ತಾರೆ ಅಂದುಕೊಂಡು ಎದೆ ಸೆಟೆಸಿಕೊಂಡು ಹೋದೆ. ಯಾರೂ ಬೈಯಲಿಲ್ಲ. ನನಗೆ ಕೊಟ್ಟ ಕೆಲಸ ಇಷ್ಟೇ: ವಾರದಲ್ಲಿ ಎರಡು ರಾತ್ರಿ ಅವಳ ಜೊತೆ ಕೂತು ಊಟ ಮಾಡಿ, ಓದು, ಮಾರ್ಕ್ಸು, ತೂಕ ಯಾವುದರ ಮಾತೂ ಎತ್ತಬೇಡಿ. ಕೇಳುವುದಕ್ಕೆ ಸುಲಭ. ಕೂತ ಮೇಲೆ ಗೊತ್ತಾಯಿತು, ಓದು ಬಿಟ್ಟರೆ ನನ್ನ ಹತ್ತಿರ ಮಾತೇ ಇಲ್ಲ. ಕೊನೆಗೆ ಟಮೋಟೊ ರೇಟು ಹೇಳಿದೆ. ಆಯಮ್ಮ ಅದನ್ನೇ ಕುತೂಹಲದಿಂದ ಕೇಳಿದಳು!

ದುಡ್ಡಿನ ವಿಷಯ. 800 ಕಷ್ಟ ಅಂದರೆ ಸರ್ಕಾರದ್ದು ಪುಕ್ಕಟೆ ಇದೆ. 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಕ್ಯೂ ಇರುತ್ತೆ, ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ಅರ್ಧ ಗಂಟೆ ಕೂರಿಸಿ ಮಾತಾಡಿಸುವಷ್ಟು ಪುರುಸೊತ್ತು ಅವರಿಗೆ ಇರಲ್ಲ, ಅದೂ ನಿಜ.

ಎಸ್‌ಎಸ್ ಪುರಂ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಲಾರದ ಮೇಡಂ, ನಿಮ್ಮ ಊಹೆ ಅಕ್ಷರಶಃ ಸರಿ. 'ಪಾಪ, ಮಲಗಲಿ ಬಿಡೇ' ಅನ್ನುವ ಮಾತು ನಮ್ಮ ಮನೆಯಲ್ಲಿ ದಿನಾ ಕೇಳುತ್ತೇನೆ. ಯಜಮಾನರಿಗೆ ಟಮೋಟೊ ಮಂಡಿಯವರು ಬರೆದದ್ದನ್ನು ಓದಿಸಿದೆ. ಏನೂ ಹೇಳಲಿಲ್ಲ, ಆದರೆ ಮೊಬೈಲ್ ವಾಪಸ್ ಕೊಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಭಾನುವಾರವಾದರೆ ಬರುತ್ತೇನೆ ಅಂದಿದ್ದಾರೆ. ಮೇಡಂಗೆ ಕೇಳಿದೆ, ಭಾನುವಾರ ಇಲ್ಲ, ಶನಿವಾರ ಸಂಜೆ ಏಳೂವರೆಗೆ ಕೊಡುತ್ತೇನೆ ಅಂದರು. ಅವರು ಓದಿರುವುದು ಎಂಎಸ್ಸಿ ಮತ್ತು ಎಂಫಿಲ್, ಆರ್‌ಸಿಐ ನಂಬರನ್ನೂ ಕೇಳುವ ಮೊದಲೇ ಕೊಟ್ಟರು. ಸುಮ್ನೆ ಓದೋನು ಅವರೇ, ಹೆಸರು ಹುಡುಕಿದೆ, ಇದೆ.

ಇನ್ನೊಂದು ಅನುಮಾನ. ಅವರು ಮಗನಿಗೆ ಉಸಿರಾಟದ ಅಭ್ಯಾಸ, ಸಂಜೆ ಅಮಾನಿಕೆರೆ ಸುತ್ತ ವಾಕಿಂಗ್ ಹೇಳಿಕೊಟ್ಟಿದ್ದಾರೆ. ಅದೂ ಈ ಹೂವಿನ ಔಷಧದ ಥರದ್ದೇನಾ?

ಕೋಲಾರದ ಸೋಶಿಯಲ್ ವರ್ಕರ್:

ಅಲ್ಲ. ನಿಧಾನವಾಗಿ ಉಸಿರು ಬಿಡುವುದರಿಂದ ಎದೆಬಡಿತ ಇಳಿಯುತ್ತದೆ, ಆತಂಕದ ಹೊತ್ತಿಗೆ ಅದು ಕೈಗೆ ಸಿಗುವ ಉಪಾಯ. ಸಂಜೆ ನಡೆದರೆ ರಾತ್ರಿ ನಿದ್ದೆಗೂ ಒಳ್ಳೆಯದು. ಆದರೆ ಪ್ರಾಣಾಯಾಮ ಒಂದರಿಂದಲೇ ಕಾಲೇಜಿಗೆ ಹೋಗಿಬಿಡುತ್ತಾನೆ ಅಂತ ಅವರೂ ಹೇಳಿರಲ್ಲ. ಹೋಗುವುದನ್ನು ಬೇರೆಯೇ ಅಭ್ಯಾಸ ಮಾಡಿಸಬೇಕು. ಮೊದಲ ವಾರ ಒಂದು ಪಿರಿಯಡ್, ಅಥವಾ ಅವನಿಗೆ ಇಷ್ಟವಾದ ಲ್ಯಾಬ್ ಮಾತ್ರ, ಆಮೇಲೆ ಮಧ್ಯಾಹ್ನದವರೆಗೆ. ಇದಕ್ಕೆ ಕಾಲೇಜಿನವರ ಒಪ್ಪಿಗೆ ಬೇಕು, ಹಾಜರಾತಿ ವಿಷಯವನ್ನು ಪ್ರಿನ್ಸಿಪಾಲರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಫೋನನ್ನು ಅವನೊಬ್ಬನದು ಕಿತ್ತುಕೊಳ್ಳಬೇಡಿ. ರಾತ್ರಿ ಹತ್ತೂವರೆಗೆ ಮನೆಯವರೆಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ. ಅಪ್ಪ ಒಪ್ಪದಿದ್ದರೆ ಅದು ನಡೆಯಲ್ಲ.

ತಿಪಟೂರು ತೆಂಗು:

ಅತ್ತೆ ಒಪ್ಪಿದರಾ ಅಕ್ಕ?

ಎಸ್‌ಎಸ್ ಪುರಂ ಅಮ್ಮ:

ಒಪ್ಪಿದರು. 'ಆಯಮ್ಮನಿಗೆ ನಾನೇ ಎರಡು ಮಾತು ಹೇಳಬೇಕು, ಬರ್ತೀನಿ' ಅಂದಿದ್ದಾರೆ. ಚಿಕ್ಕವಳು ನಾಲ್ಕನೇ ಕ್ಲಾಸು. ದೊಡ್ಡವರ ಮಾತಿನ ಮಧ್ಯೆ ಅವಳನ್ನು ಕೂರಿಸುವುದು ಸರಿನಾ ಅಂತ ಇನ್ನೂ ಯೋಚನೆ. ಸುಮ್ನೆ ಹೆದರಿಕೊಂಡರೆ?

ಕೋಲಾರದ ಸೋಶಿಯಲ್ ವರ್ಕರ್:

ಕರೆದುಕೊಂಡು ಹೋಗಿ, ಒಂದು ಡ್ರಾಯಿಂಗ್ ಪುಸ್ತಕ, ಕ್ರಯಾನ್ಸ್ ಜೊತೆಗಿರಲಿ. ಪೂರ್ತಿ ಹೊತ್ತು ಕೂರಿಸಬೇಕಾಗಿಲ್ಲ, ದುಡ್ಡಿನ ಮಾತು ಬಂದಾಗ ಹೊರಗೆ ಕಳಿಸುತ್ತಾರೆ. ಅಣ್ಣನಿಗೆ ಬೈಯುವುದಕ್ಕೆ ಹೋಗುತ್ತಿಲ್ಲ ಅಂತ ಹೊರಡುವ ಮುಂಚೆಯೇ ಹೇಳಿಬಿಡಿ. ಏಳೂವರೆ ಅಂದರೆ ಮಕ್ಕಳಿಗೆ ಹಸಿವಾಗಿರುತ್ತೆ, ಏನಾದರೂ ತಿನ್ನಿಸಿಕೊಂಡೇ ಹೋಗಿ.